ಕುಂಬಳದ ದೀಪ: ಒಂದು ಕೌಟುಂಬಿಕ ಆಚರಣೆಯ ವಲಸೆ

ಪ್ರತಿವರ್ಷ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಕೆನಡಾದಲ್ಲಿಯೂ ಅಸಂಖ್ಯ ಮನೆಗಳಲ್ಲಿ ಒಂದೇ ಬಗೆಯ ದೃಶ್ಯವು ಕಾಣಬರುತ್ತದೆ. ಊಟದ ಮೇಜಿನ ಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿ, ಅದರ ಮೇಲೆ ಕಿತ್ತಳೆ ಬಣ್ಣದ ದೊಡ್ಡದೊಂದು ಕುಂಬಳಕಾಯಿಯನ್ನಿಟ್ಟು, ತಂದೆ ತಾಯಿ ಮಕ್ಕಳೆಲ್ಲರೂ ಸುತ್ತ ಸೇರಿ ಅದರ ಒಡಲನ್ನು ತೋಡಿ ಬರಿದುಮಾಡುತ್ತಾರೆ. ಆಮೇಲೆ ಸಿಪ್ಪೆಯಲ್ಲಿ ಕಣ್ಣು ಮೂಗು ಬಾಯಿಗಳನ್ನು ಕೊರೆದು, ಒಳಗೆ ದೀಪವನ್ನಿಟ್ಟು, 31ನೆಯ ತಾರೀಖಿನ ಸಂಜೆ ಹೊಸ್ತಿಲ ಬಳಿ ಇರಿಸುತ್ತಾರೆ. ಆ ರಾತ್ರಿಗೆ ಹ್ಯಾಲೋವೀನ್ ಎಂದು ಹೆಸರು. ಆ ದೀಪಕ್ಕೆ ಜ್ಯಾಕ್-ಓ-ಲ್ಯಾಂಟರ್ನ್ ಎಂದು ಹೆಸರು.

ಎರಡು ಸಾವಿರ ವರ್ಷಗಳಷ್ಟು ಪುರಾತನವಾದ ಕೆಲ್ಟಿಕ್ ಜನರ ಆಚರಣೆಯೊಂದು ಐರಿಷ್ ವಲಸೆಗಾರರ ಗಂಟುಮೂಟೆಯೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದಿತೆಂದು ಇದರ ವಿಷಯವಾಗಿ ಹೇಳುವುದು ವಾಡಿಕೆ. ಪರಿಶೀಲಿಸಿ ನೋಡಿದರೆ ಸಂಗತಿ ಅಷ್ಟು ಸರಳವಾಗಿಲ್ಲ. ಕಳೆದ ಇನ್ನೂರು ವರ್ಷಗಳಲ್ಲಿ ಈ ಆಚರಣೆಯ ತರಕಾರಿ ಬದಲಾಗಿದೆ, ದಿನ ಬದಲಾಗಿದೆ, ಮಾಡುವವರು ಬದಲಾಗಿದ್ದಾರೆ, ಅರ್ಥವೂ ಬದಲಾಗಿದೆ. ಹೀಗೆ ಎಲ್ಲವೂ ಬದಲಾದ ಮೇಲೆ ಉಳಿದುದು ಏನು, ಯಾವುದರ ಬಲದಿಂದ ಅದು ಇನ್ನೂ ಸಂಪ್ರದಾಯವೆನಿಸಿಕೊಂಡಿದೆ ಎಂಬ ಪ್ರಶ್ನೆ ತಾಯ್ನಾಡಿನಿಂದ ದೂರ ಬಾಳುವ ಯಾವ ಸಮಾಜಕ್ಕೂ ಪರಕೀಯವಾದುದಲ್ಲ.

ಹೆಸರು ಮತ್ತು ಕಥೆ

ಐರ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ಮ್ಯಾನ್ ದ್ವೀಪಗಳ ಹಳೆಯ ಪಂಚಾಂಗದಲ್ಲಿ ಅಕ್ಟೋಬರ್ ಕಳೆದು ನವೆಂಬರ್ ಹುಟ್ಟುವ ಸಂಧಿಯು ಸುಗ್ಗಿ ಮುಗಿದು ಚಳಿಗಾಲ ಆರಂಭವಾಗುವ ಕಾಲ. ಗೇಲಿಕ್ ಭಾಷೆಯಲ್ಲಿ ಇದಕ್ಕೆ ‘ಸೌವಿನ್’ ಎಂದು ಹೆಸರು. ಮೇಯಲು ಹೋದ ದನಗಳು ಬೇಸಗೆಯ ಹುಲ್ಲುಗಾವಲಿನಿಂದ ಕೊಟ್ಟಿಗೆಗೆ ಮರಳುವುದೂ, ಹಗಲು ಕುಗ್ಗಿ ಇರುಳು ಹಿಗ್ಗುವುದೂ ಆಗಲೇ. ಆ ರಾತ್ರಿ ಈ ಲೋಕಕ್ಕೂ ಸತ್ತವರ ಲೋಕಕ್ಕೂ ನಡುವಣ ತೆರೆ ತೆಳುವಾಗುತ್ತದೆಂಬ ನಂಬಿಕೆ ಅಲ್ಲಿಯ ಜನರಲ್ಲಿ ಬೇರೂರಿತ್ತು. ಕ್ರಿಸ್ತಶಕ 8-9ನೆಯ ಶತಮಾನಗಳಲ್ಲಿ ಪಶ್ಚಿಮ ಯೂರೋಪಿನ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ನೆಲೆಗೊಳಿಸಿತು. ಮರುದಿನ ಮೃತರ ಆತ್ಮಗಳ ಸ್ಮರಣೆಗೆ ಮೀಸಲಾಯಿತು. ಸಂತರ ದಿನದ ಹಿಂದಿನ ಸಂಜೆ ಎಂಬ ಅರ್ಥದ ಇಂಗ್ಲಿಷ್ ಮಾತೇ ಸವೆದು ಹ್ಯಾಲೋವೀನ್ ಆಗಿದೆ.

ಜ್ಯಾಕ್-ಓ-ಲ್ಯಾಂಟರ್ನ್ ಎಂಬ ಮಾತಾದರೋ ಮೊದಲು ತರಕಾರಿಯ ದೀಪಕ್ಕೆ ಸಂಬಂಧಿಸಿದುದಲ್ಲ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಕೈಯಲ್ಲಿ ಲಾಂದ್ರ ಹಿಡಿದು ತಿರುಗುವ ರಾತ್ರಿ ಕಾವಲುಗಾರನಿಗೂ, ಜವುಗು ನೆಲದ ಮೇಲೆ ಇರುಳಿನಲ್ಲಿ ಮಿಣುಕುವ ಬೆಳಕಿಗೂ ಸಲ್ಲುತ್ತಿತ್ತು. ಈ ಎರಡನೆಯದನ್ನೇ ಕನ್ನಡನಾಡಿನ ಹಳ್ಳಿಗರು ಕೊಳ್ಳಿದೆವ್ವ ಎನ್ನುತ್ತಾರೆ.

ಆ ಬೆಳಕಿಗೆ ಕಾರಣವನ್ನು ಹೇಳುವ ಐರಿಷ್ ಜನಪದ ಕಥೆಯೊಂದುಂಟು. ಜ್ಯಾಕ್ ಎಂಬ ಜಿಪುಣ ಕಮ್ಮಾರನೊಬ್ಬ ಸೈತಾನನನ್ನೇ ವಂಚಿಸಿ ಮರ ಹತ್ತಿಸಿ, ಬೊಡ್ಡೆಯ ಮೇಲೆ ಶಿಲುಬೆಯ ಗುರುತನ್ನು ಕೆತ್ತಿ, ಅವನು ಇಳಿಯದಂತೆ ಮಾಡಿದನಂತೆ. ತನ್ನ ಆತ್ಮವನ್ನು ಎಂದೂ ಕೊಂಡೊಯ್ಯಬಾರದೆಂಬ ಮಾತನ್ನು ಪಡೆದ ಮೇಲೆಯೇ ಬಿಡುಗಡೆ. ಮುಂದೆ ಜ್ಯಾಕ್ ಸತ್ತಾಗ ಅವನ ನಡತೆಯನ್ನು ಕಂಡು ಸ್ವರ್ಗದವರು ಬಾಗಿಲು ತೆರೆಯಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ನರಕದವನೂ ಒಳಗೆ ಸೇರಿಸಲಿಲ್ಲ. ಕತ್ತಲೆಯಲ್ಲಿ ದಾರಿ ಕಾಣಲೆಂದು ಸೈತಾನನು ಎಸೆದ ಒಂದು ಕೆಂಡವನ್ನು ಟೊಳ್ಳು ಮಾಡಿದ ಟರ್ನಿಪ್ ಗೆಡ್ಡೆಯೊಳಗಿಟ್ಟುಕೊಂಡು ಜ್ಯಾಕ್ ಇಂದಿಗೂ ಅಲೆಯುತ್ತಿದ್ದಾನೆ. ಯಾವ ಲೋಕಕ್ಕೂ ಸೇರದೆ, ಕೈಯಲ್ಲೊಂದು ದೀಪವನ್ನು ಹಿಡಿದು ಅಲೆಯುವವನ ಈ ಕಥೆ ವಲಸೆಗಾರರ ಹಬ್ಬಕ್ಕೆ ಹೊಂದಿಕೊಂಡುದು ಆಕಸ್ಮಿಕವಾಗಿರಲಾರದು.

ಗೆಡ್ಡೆಯ ದೀಪದ ಪ್ರಾಚೀನತೆ

ಮೂಲ ನಾಡಿನಲ್ಲಿ ಕೆತ್ತುತ್ತಿದ್ದುದು ಕುಂಬಳಕಾಯಿಯನ್ನಲ್ಲ, ಗೆಡ್ಡೆಯನ್ನು. ಐರ್ಲೆಂಡಿನಲ್ಲಿ ಟರ್ನಿಪ್, ಸ್ಕಾಟ್‌ಲೆಂಡಿನಲ್ಲಿ ಅದರ ದಾಯಾದಿಯಾದ, ಹಳದಿ ತಿರುಳಿನ ಸ್ವೀಡ್, ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದಲ್ಲಿ ದನಗಳ ಮೇವಿಗೆ ಬೆಳೆಯುವ ದೊಡ್ಡ ಬೀಟ್ ಗೆಡ್ಡೆ ಈ ಕೆಲಸಕ್ಕೆ ಒದಗುತ್ತಿದ್ದುವು. ಸಾಮರ್ಸೆಟ್ಟಿನ ಹಿಂಟನ್ ಸೇಂಟ್ ಜಾರ್ಜ್ ಎಂಬ ಹಳ್ಳಿಯಲ್ಲಿ ಅಕ್ಟೋಬರಿನ ಕೊನೆಯ ಗುರುವಾರ ಮಕ್ಕಳು ಇಂಥ ದೀಪಗಳನ್ನು ಹಿಡಿದು ಮೆರವಣಿಗೆ ಹೊರಡುವ ರೂಢಿಯಿದೆ. ಮ್ಯಾನ್ ದ್ವೀಪದಲ್ಲಿ ‘ಹಾಪ್-ಟು-ನಾ’ ಎಂಬ ಹಬ್ಬಕ್ಕೆ ಗೆಡ್ಡೆಯ ದೀಪವೇ ಲಕ್ಷಣವಾದುದೆಂಬ ಅಭಿಮಾನ ಇನ್ನೂ ಉಳಿದಿದೆ.

ಗೆಡ್ಡೆಯ ದೀಪವು ಎರಡು ಸಾವಿರ ವರ್ಷ ಹಳೆಯದೆಂಬುದಕ್ಕೆ ಆಧಾರವಿಲ್ಲ. ಸ್ವೀಡ್ ಗೆಡ್ಡೆಯು ಸ್ಕಾಟ್‌ಲೆಂಡಿಗೆ ಬಂದುದೇ 18ನೆಯ ಶತಮಾನದ ಕೊನೆಗೆ. ಟರ್ನಿಪ್ಪನ್ನು ಹೊಲಗಳಲ್ಲಿ ವಿಸ್ತಾರವಾಗಿ ಬೆಳೆಯತೊಡಗಿದುದೂ ಆ ಶತಮಾನದಲ್ಲಿಯೇ. ಹ್ಯಾಲೋವೀನಿನಲ್ಲಿ ಗೆಡ್ಡೆಗೆ ಮುಖ ಕೆತ್ತುತ್ತಿದ್ದರೆಂಬ ವರ್ಣನೆಗಳು ದೊರೆಯುವುದು ಮುಖ್ಯವಾಗಿ 19ನೆಯ ಶತಮಾನದಿಂದೀಚೆಗೆ. ಹಬ್ಬವು ಹಳೆಯದು, ನಂಬಿಕೆ ಹಳೆಯದು. ಅದನ್ನು ಕಣ್ಣಿಗೆ ಕಟ್ಟಿಸುವ ಉಪಕರಣ ಮಾತ್ರ ಈಚಿನದು. ಸಂಪ್ರದಾಯದ ವಯಸ್ಸನ್ನು ಎಣಿಸುವಾಗ ಈ ಎರಡನ್ನೂ ಒಂದೇ ಖಾತೆಗೆ ಸೇರಿಸುವುದು ಲೆಕ್ಕದ ದೋಷವಾಗುತ್ತದೆ.

ಗೆಡ್ಡೆಯ ದೀಪ ಹೇಗಿತ್ತೆಂಬುದನ್ನು ನೋಡಬಯಸುವವರಿಗೆ ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ, ಕ್ಯಾಸಲ್‌ಬಾರ್ ಬಳಿಯ ಟರ್ಲೋ ಪಾರ್ಕಿನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮಜೀವನ ವಿಭಾಗದಲ್ಲಿ ಒಂದು ಮಾದರಿಯಿದೆ. ಡಾನೆಗಾಲ್ ಪ್ರಾಂತದಿಂದ ಬಂದ ಗೆಡ್ಡೆಯೊಂದರ ಅಚ್ಚನ್ನು 1943ರಲ್ಲಿ ಸುಣ್ಣಗಾರೆಯಲ್ಲಿ ಎರಕಹೊಯ್ದು ಉಳಿಸಿಕೊಂಡದ್ದು ಅದು. ಒಣಗಿ ಸುಕ್ಕುಗಟ್ಟಿದ ಮುಖ, ಆಳವಾದ ಕಣ್ಣಕುಳಿ, ಕಿರಿದ ಹಲ್ಲು. ಈಗಿನ ಕುಂಬಳದ ನಗುಮೊಗದ ಪಕ್ಕದಲ್ಲಿ ಅದು ನಿಜವಾಗಿಯೂ ಭಯವನ್ನು ಹುಟ್ಟಿಸುತ್ತದೆ. ಗೆಡ್ಡೆ ಗಟ್ಟಿಯಾದುದು, ಕೈಹಿಡಿತಕ್ಕೆ ಚಿಕ್ಕದು. ಅದನ್ನು ತೋಡುವುದು ಬಲವಾದ ಒಂದು ಕೈಯ ಕೆಲಸವೇ ಹೊರತು ಹಲವರು ಸೇರಿ ಮಾಡುವ ಕೆಲಸವಲ್ಲ. ಈ ಅಂಶವನ್ನು ಮುಂದಿನ ವಿಚಾರಕ್ಕಾಗಿ ನೆನಪಿಡಬೇಕು.

ಸಾಗರದ ಆಚೆಗೆ

ಕಿತ್ತಳೆ ಬಣ್ಣದ ಕುಂಬಳವು ಅಮೆರಿಕ ಖಂಡದ ಸ್ವಂತ ಬೆಳೆ. ಮೆಕ್ಸಿಕೊ ದೇಶದ ವಾಹಾಕಾ ಪ್ರಾಂತದ ಗುಹೆಯೊಂದರಲ್ಲಿ ದೊರೆತ ಬೀಜಗಳಿಂದ ಅದರ ಜಾತಿಯನ್ನು ಸುಮಾರು 10,000 ವರ್ಷಗಳ ಹಿಂದೆಯೇ ಮನುಷ್ಯರು ಸಾಗುವಳಿಗೆ ತಂದಿದ್ದರೆಂದು ತಿಳಿದುಬಂದಿದೆ. ಯೂರೋಪಿನವರು ಬರುವುದಕ್ಕೆ ಬಹಳ ಮೊದಲೇ ಉತ್ತರ ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಈ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದು ಮೂವರು ಅಕ್ಕತಂಗಿಯರೆಂದು ಕರೆಯುತ್ತಿದ್ದರು. ಜೋಳದ ದಂಟನ್ನು ಹುರುಳಿಯ ಬಳ್ಳಿ ಅಡರುತ್ತದೆ. ಹುರುಳಿಯ ಬೇರು ಮಣ್ಣಿಗೆ ಸಾರವನ್ನು ಕೂಡಿಸುತ್ತದೆ. ಕುಂಬಳದ ಅಗಲವಾದ ಎಲೆ ನೆಲವನ್ನು ಮುಚ್ಚಿ ಕಳೆಯನ್ನು ತಡೆದು ತೇವವನ್ನು ಕಾಯುತ್ತದೆ.

1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮವುಂಟಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ದೇಶವನ್ನು ಬಿಟ್ಟರು. ಅಮೆರಿಕದಲ್ಲಿ ಅವರಿಗೆ ಟರ್ನಿಪ್ಪಿಗಿಂತ ದೊಡ್ಡದಾದ, ಮೆದುವಾದ ಕುಂಬಳ ಸಿಕ್ಕಿತು, ಗೆಡ್ಡೆಯ ಸ್ಥಾನದಲ್ಲಿ ಅದನ್ನಿಟ್ಟರು ಎಂಬುದು ಜನಪ್ರಿಯವಾದ ವಿವರಣೆ. ಇದರಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ 1807ರಲ್ಲಿ ಜನಿಸಿದ ಕವಿ ಜಾನ್ ಗ್ರೀನ್‌ಲೀಫ್ ವಿಟಿಯರ್ 1850ರಲ್ಲಿ ಪ್ರಕಟಿಸಿದ ಕುಂಬಳದ ಕವಿತೆಯಲ್ಲಿ ತನ್ನ ಬಾಲ್ಯದಲ್ಲಿ ಕುಂಬಳಕ್ಕೆ ವಿಕಾರ ಮುಖವನ್ನು ಕೆತ್ತಿ ಒಳಗೆ ಮೇಣದ ಬತ್ತಿಯನ್ನಿಡುತ್ತಿದ್ದುದನ್ನು ಸ್ಮರಿಸಿದ್ದಾನೆ. ಆ ಬಾಲ್ಯ ಐರಿಷ್ ಕ್ಷಾಮಕ್ಕಿಂತ ಮೂರು ದಶಕ ಹಿಂದಿನದು. ವಿಟಿಯರನು ಐರಿಷ್ ವಲಸೆಗಾರನೂ ಅಲ್ಲ, ನ್ಯೂ ಇಂಗ್ಲೆಂಡಿನ ಕ್ವೇಕರ್ ಪಂಥದ ರೈತ ಕುಟುಂಬದವನು. ಅದಲ್ಲದೆ ಅವನ ಕವಿತೆಯ ಸಂದರ್ಭವು ಹ್ಯಾಲೋವೀನ್ ಅಲ್ಲ, ನವೆಂಬರಿನ ಕೃತಜ್ಞತಾರ್ಪಣೆಯ ಹಬ್ಬ. 1852ರಲ್ಲಿ ನೆಥೇನಿಯಲ್ ಹಾಥಾರ್ನ್ ಬರೆದ ‘ಫೆದರ್‌ಟಾಪ್’ ಎಂಬ ಕಥೆಯಲ್ಲಿ ಕುಂಬಳದ ತಲೆಯುಳ್ಳ ಬೆದರುಬೊಂಬೆಯೊಂದು ಜೀವ ತಳೆಯುತ್ತದೆ. ಅಲ್ಲಿಯೂ ಹ್ಯಾಲೋವೀನಿನ ಮಾತಿಲ್ಲ.

ಹೀಗೆ ಕುಂಬಳದ ದೀಪವು ಮೊದಲು ಸುಗ್ಗಿಕಾಲದಲ್ಲಿ ಹುಡುಗರು ದಾರಿಹೋಕರನ್ನು ಬೆಚ್ಚಿಬೀಳಿಸಲು ಮಾಡುತ್ತಿದ್ದ ಹಳ್ಳಿಯ ಆಟವಾಗಿತ್ತು. ಐರಿಷ್ ಮತ್ತು ಸ್ಕಾಟಿಷ್ ಜನರು ತಂದದ್ದು ಅದಕ್ಕೊಂದು ನಿಶ್ಚಿತ ರಾತ್ರಿಯನ್ನು, ಆ ರಾತ್ರಿಗೊಂದು ಕಥೆಯನ್ನು. ಹೊಸ ನಾಡಿನ ಕಾಯಿ, ಹಳೆಯ ನಾಡಿನ ತಿಥಿ ಇವೆರಡೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೂಡಿಕೊಂಡುವು. ಕೆನಡಾದ ಕಿಂಗ್‌ಸ್ಟನ್ ನಗರದ ಪತ್ರಿಕೆಯೊಂದು 1866ರ ನವೆಂಬರ್ 1ರಂದು, ಹಿಂದಿನ ರಾತ್ರಿ ಊರಿನ ಹುಡುಗರು ಅನೇಕ ಕುಂಬಳಗಳನ್ನು ಕೊರೆದು ಬತ್ತಿ ಹಚ್ಚಿ ಹ್ಯಾಲೋವೀನನ್ನು ಆಚರಿಸಿದರೆಂದು ವರದಿಮಾಡಿತು.

ಬೀದಿಯಿಂದ ಮನೆಯೊಳಕ್ಕೆ

ಆದರೆ ಇದು ಇನ್ನೂ ಕುಟುಂಬದ ಆಚರಣೆಯಾಗಿರಲಿಲ್ಲ, ಹುಡುಗರ ತುಂಟಾಟವಾಗಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಪಟ್ಟಣಗಳಲ್ಲಿ ಹ್ಯಾಲೋವೀನ್ ರಾತ್ರಿ ಬೇಲಿ ಕಿತ್ತು, ಗಾಜು ಒಡೆದು, ಬಂಡಿಗಳನ್ನು ಉರುಳಿಸುವ ಪುಂಡಾಟ ಮಿತಿಮೀರಿತು. ಹುಡುಗರನ್ನು ಗದರಿಸಿ ಫಲವಿಲ್ಲವೆಂದು ಕಂಡ ಹಿರಿಯರು ಅವರಿಗೆ ಬೇರೊಂದು ಕೆಲಸವನ್ನು ಕೊಟ್ಟರು. ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕೂಟಗಳು ಏರ್ಪಟ್ಟುವು. ವೇಷ ಹಾಕಿದ ಮಕ್ಕಳು ಮನೆಮನೆಗೆ ಹೋಗಿ ಸಿಹಿ ಬೇಡುವ ಪದ್ಧತಿ 1920-30ರ ದಶಕಗಳಲ್ಲಿ ಹರಡಿ, ಎರಡನೆಯ ಮಹಾಯುದ್ಧಕಾಲದ ಸಕ್ಕರೆಯ ಪಡಿತರದಿಂದ ಕುಂಠಿತವಾಗಿ, 1947ರಲ್ಲಿ ಪಡಿತರ ಹೋದಮೇಲೆ ಮತ್ತೆ ಚಿಗುರಿತು. ಆಗ ಹೊಸ್ತಿಲ ಮೇಲಿನ ದೀಪಕ್ಕೆ ಹೊಸ ಅರ್ಥ ಬಂದಿತು. ದೆವ್ವವನ್ನು ಓಡಿಸಲು ಇಟ್ಟ ಮುಖವು ಈಗ ನೆರೆಯ ಮಕ್ಕಳಿಗೆ ‘ಈ ಮನೆಗೆ ಬರಬಹುದು’ ಎಂದು ಹೇಳುವ ಗುರುತಾಯಿತು. ಬೆದರಿಕೆ ಸ್ವಾಗತವಾಗಿ ಮಾರ್ಪಟ್ಟಿತು.

ಈ ಮಾರ್ಪಾಡಿಗೆ ಕಾಯಿಯೂ ಕತ್ತಿಯೂ ಒದಗಿಬಂದುವು. ಮ್ಯಾಸಚೂಸೆಟ್ಸಿನ ರೈತನಾದ ಜಾನ್ ಹೌಡನ್ 1960ರ ದಶಕದಲ್ಲಿ ಗಟ್ಟಿ ತೊಟ್ಟಿನ, ನೆಟ್ಟಗೆ ನಿಲ್ಲುವ, ಕಡುಕಿತ್ತಳೆ ಬಣ್ಣದ ಕುಂಬಳದ ತಳಿಯೊಂದನ್ನು ಆರಿಸಿ ಬೆಳೆಸಿದನು. ಅದು ತಿನ್ನಲು ಅಷ್ಟು ರುಚಿಯಾದುದಲ್ಲ. ಕೆತ್ತಲೆಂದೇ ಬೆಳೆಯುವ ಕಾಯಿ. ವಿಸ್ಕಾನ್ಸಿನ್ ಪ್ರಾಂತದ ಪಾಲ್ ಬಾರ್ಡೀನ್ ಎಂಬ ಗೃಹಸ್ಥನು ಅಡುಗೆಮನೆಯ ಚಾಕುವಿಗೆ ಬದಲಾಗಿ ಸಣ್ಣ ಗರಗಸದಂಥ ಉಪಕರಣಗಳನ್ನು ತನ್ನ ಮಕ್ಕಳಿಗಾಗಿ ರೂಪಿಸಿದನು. ಅವನ ಕಾಲಾನಂತರ, 1980ರ ದಶಕದಲ್ಲಿ, ಮಕ್ಕಳು ಅದನ್ನೇ ಉದ್ಯಮವಾಗಿ ಬೆಳೆಸಿದರು. ಚಾಕು ಜಾರಿ ಅಂಗೈ ಸೀಳುವ ಭಯ ಇದರಿಂದ ಬಹುಮಟ್ಟಿಗೆ ಕಡಿಮೆಯಾಯಿತು. ಗೆಡ್ಡೆ ಒಬ್ಬನ ಕೆಲಸವಾಗಿತ್ತೆಂದು ಹಿಂದೆ ಹೇಳಿದುದನ್ನು ಇಲ್ಲಿ ನೆನೆಯಬಹುದು. ದೊಡ್ಡ ಕಾಯಿ ಬಂದುದರಿಂದ ಅದರ ಸುತ್ತ ನಾಲ್ವರು ಕೂರುವಂತಾಯಿತು. ಸಣ್ಣ ಗರಗಸ ಬಂದುದರಿಂದ ಆ ನಾಲ್ವರಲ್ಲಿ ಮಗುವೂ ಒಬ್ಬನಾದನು.

ಕೆತ್ತುವ ಬಗೆ

ಕೆಲಸವು ಕಾಯಿಯ ಆಯ್ಕೆಯಿಂದಲೇ ಆರಂಭವಾಗುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುವ, ಮೆತ್ತಗಾದ ಕಲೆಯಿಲ್ಲದ, ತಳ ಸಮನಾದ ಕಾಯಿ ಉತ್ತಮ. ತೊಟ್ಟು ಹಿಡಿದು ಎತ್ತಬಾರದು. ತೊಟ್ಟು ಮುರಿದರೆ ಕೊಳೆಯುವಿಕೆ ಅಲ್ಲಿಂದಲೇ ತೊಡಗುತ್ತದೆ. ತೊಟ್ಟಿನ ಸುತ್ತ ಮುಚ್ಚಳವನ್ನು ಕೊಯ್ಯುವಾಗ ಅಲಗನ್ನು ಒಳಮುಖವಾಗಿ ಓರೆ ಹಿಡಿಯಬೇಕು. ನೆಟ್ಟಗೆ ಕೊಯ್ದರೆ ಮುಚ್ಚಳ ಒಳಕ್ಕೆ ಬೀಳುತ್ತದೆ. ಅಂಚಿನಲ್ಲಿ ಒಂದು ಕಚ್ಚು ಮಾಡಿದರೆ ಮತ್ತೆ ಅದೇ ಸ್ಥಾನದಲ್ಲಿ ಕೂರಿಸುವುದು ಸುಲಭ. ನಾರನ್ನೂ ಬೀಜವನ್ನೂ ತೆಗೆದ ಮೇಲೆ, ಮುಖ ಬರುವ ಕಡೆ ಗೋಡೆಯನ್ನು ಸುಮಾರು ಒಂದು ಅಂಗುಲ ದಪ್ಪಕ್ಕೆ ಹೆರೆಯುತ್ತಾರೆ. ಮುಖವನ್ನು ಮೊದಲು ಮಸಿಯಿಂದ ಬರೆದು, ಸಣ್ಣ ಭಾಗಗಳನ್ನು ಮೊದಲೂ ದೊಡ್ಡ ಬಾಯಿಯನ್ನು ಕೊನೆಗೂ ಕೊರೆಯುವುದು ಕ್ರಮ. ದೊಡ್ಡದನ್ನು ಮೊದಲು ಕೊರೆದರೆ ಗೋಡೆಯ ಬಲ ಕುಂದುತ್ತದೆ. ಉರಿಯುವ ಬತ್ತಿಗೆ ಗಾಳಿ ಬಾಯಿಂದ ಒಳಕ್ಕೆ ಬಂದು ಮೇಲಕ್ಕೆ ಹೋಗಬೇಕಾದುದರಿಂದ ಮುಚ್ಚಳದಲ್ಲೊಂದು ಹೊಗೆಗಂಡಿಯೂ ಬೇಕು.

ಈ ಕೆಲಸದಲ್ಲಿ ವಯಸ್ಸಿಗೆ ತಕ್ಕ ಪಾಲು ತಾನಾಗಿಯೇ ಏರ್ಪಡುತ್ತದೆ. ಮುಚ್ಚಳ ಕೊಯ್ಯುವುದು ತಂದೆಯದೋ ತಾಯಿಯದೋ ಕೆಲಸ. ತಣ್ಣಗೆ ಜಾರುವ ನಾರಿನೊಳಗೆ ಕೈಹಾಕಿ ‘ಛೀ’ ಎನ್ನುತ್ತ ನಗುತ್ತ ಬೀಜ ಬಾಚುವುದು ಚಿಕ್ಕವರ ಕೆಲಸ. ಮುಖ ಹೇಗಿರಬೇಕೆಂದು ವಾದಿಸುವುದು ಎಲ್ಲರ ಕೆಲಸ. ಬೀಜಗಳನ್ನು ತೊಳೆದು ಉಪ್ಪು ಬೆರೆಸಿ ಹುರಿದು ತಿನ್ನುತ್ತಾರೆ. ಕೊನೆಗೆ ಮನೆಯ ವಿದ್ಯುದ್ದೀಪಗಳನ್ನೆಲ್ಲ ಆರಿಸಿ ಬತ್ತಿ ಹಚ್ಚಿದಾಗ, ಹಗಲಿನಲ್ಲಿ ಕಪ್ಪು ತೂತಾಗಿದ್ದ ಕಣ್ಣು ಬೆಳಕಾಗಿ, ಬೆಳಗಿದ್ದ ಕೆನ್ನೆ ಕತ್ತಲೆಯಾಗಿ, ಓರೆಕೋರೆಯಾದ ಕೆತ್ತನೆಯೂ ಜೀವ ತಳೆದಂತೆ ತೋರುತ್ತದೆ. ಅನಂತರ ಮೂರರಿಂದ ಏಳು ದಿನಗಳೊಳಗಾಗಿ ಅದಕ್ಕೆ ಬೂಷ್ಟು ಹಿಡಿದು, ಗಲ್ಲ ಕುಸಿದು, ಹಲ್ಲುದುರಿದ ಮುದುಕನ ಮುಖವಾಗುತ್ತದೆ. ಆದುದರಿಂದಲೇ ಹಬ್ಬಕ್ಕೆ ಒಂದೆರಡು ದಿನ ಮುಂಚೆ ಮಾತ್ರ ಕೆತ್ತಬೇಕು, ಆದುದರಿಂದಲೇ ಪ್ರತಿವರ್ಷವೂ ಕೆತ್ತಬೇಕು. ಬಾಳಿಕೆ ಬರುವ ವಸ್ತುವಾಗಿದ್ದರೆ ಒಮ್ಮೆ ಮಾಡಿ ಕಪಾಟಿನಲ್ಲಿಟ್ಟುಬಿಡಬಹುದಾಗಿತ್ತು.

ಒಂದೊಂದು ಮನೆಯ ಈ ಕೆಲಸ ಊರ ಹಬ್ಬವಾಗಿಯೂ ಬೆಳೆದುದುಂಟು. ನ್ಯೂ ಹ್ಯಾಂಪ್‌ಷೈರಿನ ಕೀನ್ ಎಂಬ ಸಣ್ಣ ಊರಿನವರು 2013ರಲ್ಲಿ ಒಂದೇ ಸಲಕ್ಕೆ 30,581 ಕುಂಬಳದ ದೀಪಗಳನ್ನು ಬೆಳಗಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದರು.

ಕನ್ನಡಿಗರ ದೃಷ್ಟಿಯಲ್ಲಿ

ಕನ್ನಡ ವಾಚಕರಿಗೆ ಇಲ್ಲೊಂದು ಸ್ಪಷ್ಟನೆ ಅವಶ್ಯಕ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯ ಕುಂಬಳ ಬೂದುಗುಂಬಳ. ಹೆಗಲಿಗೆ ಅಂಟುವ ಬೂದಿ ಅದರದು. ಅದು ಏಷ್ಯದ ಕಾಯಿ. ಅಮೆರಿಕದ ಕುಂಬಳ ಇಲ್ಲಿಯ ಸಿಹಿಗುಂಬಳದ ಬಳಗದ್ದು. ಆ ಬಳಗವು ಕೊಲಂಬಸನ ಯಾನದ ಅನಂತರವೇ ಭಾರತಕ್ಕೆ ಬಂದುದು. ಮಲೆನಾಡು, ಕರಾವಳಿಗಳಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುವಲ್ಲಿ ಅದು ಹೊರಗಿನದೆಂಬ ನೆನಪು ಹೆಸರಿನಲ್ಲಿಯೇ ಉಳಿದಿರುವಂತಿದೆ.

ಕುಂಬಳಕ್ಕೂ ಕೇಡನ್ನು ತಡೆಯುವ ನಂಬಿಕೆಗೂ ಕನ್ನಡನಾಡಿನಲ್ಲಿಯೂ ನಂಟುಂಟು. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮವನ್ನೂ ಕಾಸನ್ನೂ ತುಂಬಿ, ವಾಹನಕ್ಕೋ ಯಂತ್ರಕ್ಕೋ ನಿವಾಳಿಸಿ ಒಡೆಯುತ್ತಾರೆ. ಕಟ್ಟುತ್ತಿರುವ ಮನೆಯ ಮುಂದೆ ಮೀಸೆ, ಕೋರೆದಾಡೆಗಳನ್ನು ಬರೆದ ಕುಂಬಳವನ್ನು ತೂಗುಹಾಕುತ್ತಾರೆ. ಇಡೀ ಕುಂಬಳವನ್ನು ಹೆಂಗಸರು ಮೊದಲು ಹೋಳುಮಾಡಬಾರದು, ಗಂಡಸರು ಒಂದು ಏಟು ಹಾಕಿದ ಮೇಲೆಯೇ ಈಳಿಗೆಗೆ ಹಚ್ಚಬೇಕೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಇವು ಐರಿಷ್ ಆಚರಣೆಯೊಡನೆ ಹುಟ್ಟಿನ ಸಂಬಂಧವುಳ್ಳವಲ್ಲ, ಹೋಲಿಕೆ ಮಾತ್ರ. ಆದರೆ ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಎರಡೂ ಒಂದೇ ಛಾವಣಿಯಡಿ ಸಂಧಿಸಿವೆ. ಶಾಲೆಯಿಂದ ಮಕ್ಕಳು ಕುಂಬಳದ ದೀಪದ ಆಸೆಯನ್ನು ಹೊತ್ತು ಬರುವ ಕಾಲಕ್ಕೆ ಮನೆಯಲ್ಲಿ ನವರಾತ್ರಿಯ ಬೊಂಬೆಗಳನ್ನು ಇಳಿಸಿ ದೀಪಾವಳಿಯ ಹಣತೆಯನ್ನು ಹುಡುಕುವ ಸಮಯ. ಊರಿನಿಂದ ಬಂದ ಅಜ್ಜಿಗೆ ಹುಡುಗಿಯೊಬ್ಬಳು ಕುಂಬಳಕ್ಕೆ ಮೊದಲ ಅಲಗು ಹಾಕುವುದು ಅಪಶಕುನವಾಗಿ ತೋರಬಹುದು. ಅದೇ ಅಜ್ಜಿ ಮರುಗಳಿಗೆಯಲ್ಲಿ ಬೀಜಕ್ಕೆ ಉಪ್ಪುಖಾರ ಹಚ್ಚಿ ಹುರಿದುಕೊಟ್ಟು ಆ ಕೂಟದಲ್ಲಿ ಸೇರಿಕೊಳ್ಳಲೂಬಹುದು.

ಇದು ಪರರ ಹಬ್ಬದ ಅನುಕರಣೆಯೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಕ್ಕೆ ಮೊದಲು ಒಂದು ಹೋಲಿಕೆಯನ್ನು ಗಮನಿಸುವುದೊಳ್ಳೆಯದು. ಸಂಕ್ರಾಂತಿಗೆ ವಾರವಿದೆಯೆನ್ನುವಾಗ ಹಳೆಯ ಮೈಸೂರಿನ ಕಡೆಯ ಮನೆಗಳಲ್ಲಿ ಎಲ್ಲರೂ ಸುತ್ತ ಕುಳಿತು ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಸಣ್ಣ ಹೋಳುಗಳಾಗಿ ಹೆಚ್ಚಿ ಎಳ್ಳು ಬೆರೆಸುತ್ತಿದ್ದರು. ಬೆರಳು ನೋಯುವ ಆ ಕೆಲಸದ ನಡುವೆಯೇ ಮನೆತನದ ಕಥೆಗಳು ಮಕ್ಕಳ ಕಿವಿಗೆ ಬೀಳುತ್ತಿದ್ದುವು. ಇಂದು ಎಳ್ಳುಬೆಲ್ಲ ಪೊಟ್ಟಣಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ. ಬೀರುವ ಸಂಪ್ರದಾಯ ಉಳಿದಿದೆ. ಹೆಚ್ಚುವ ಸಂಜೆಗಳು ವಿರಳವಾಗಿವೆ. ಅಮೆರಿಕದಲ್ಲಿಯೂ ವಿದ್ಯುದ್ದೀಪ ಸಹಿತವಾದ ಪ್ಲಾಸ್ಟಿಕ್ ಕುಂಬಳಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಕೊಳೆಯುವುದಿಲ್ಲ, ಮೇಜನ್ನು ಹೊಲಸು ಮಾಡುವುದಿಲ್ಲ, ಯಾರ ಸಹಾಯವನ್ನೂ ಬೇಡುವುದಿಲ್ಲ. ಗೆಡ್ಡೆ ಹೋಗಿ ಕುಂಬಳ ಬಂದಾಗ ಆಚರಣೆಗೆ ಕೇಡಾಗಲಿಲ್ಲ. ಅದು ಒಬ್ಬನ ಕೈಯಿಂದ ಹಲವರ ಕೈಗೆ ಹಬ್ಬಿತು. ಕುಂಬಳ ಹೋಗಿ ಪ್ಲಾಸ್ಟಿಕ್ ಬಂದಾಗ ಹೊಸ್ತಿಲ ಮೇಲೆ ಮುಖವೇನೋ ಇರುತ್ತದೆ, ಮೇಜಿನ ಸುತ್ತ ಜನರಿರುವುದಿಲ್ಲ.

ಐರ್ಲೆಂಡಿನ ಅಂಗಡಿಗಳಲ್ಲಿಯೂ ಈಗ ಅಕ್ಟೋಬರಿನಲ್ಲಿ ಕಿತ್ತಳೆ ಬಣ್ಣದ ಕುಂಬಳಗಳೇ ರಾಶಿಬೀಳುತ್ತವೆ. ವಲಸೆ ಹೋದ ಆಚರಣೆ ಹೊಸ ಕಾಯಿಯನ್ನು ಹಿಡಿದು ತವರಿಗೆ ಮರಳಿದೆ. ಹಳೆಯ ಗೆಡ್ಡೆಯ ಮುಖವು ಟರ್ಲೋ ಪಾರ್ಕಿನಲ್ಲಿ ಸುಣ್ಣಗಾರೆಯ ರೂಪದಲ್ಲಿ ಕೆಡದೆ ಉಳಿದಿದೆ. ಅದನ್ನು ನೋಡಲು ಹೋದ ಐರಿಷ್ ಮಗು ಆ ಸಂಜೆ ಮನೆಗೆ ಮರಳಿ ಕೈಗೆ ಚಮಚವನ್ನು ತೆಗೆದುಕೊಂಡು ಬೀಜ ಬಾಚಲು ಕೂರುತ್ತದೆ.